ಮೊದಲ ಡಿಎಸ್‌ಎಲ್‌ಆರ್: ಡಬ್ಬಿ, ಬ್ಲೋವರ್, ಆಮೇಲೆ ಲೆನ್ಸ್

ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಕೊಳ್ಳುವಾಗ ಬಾಡಿ ಮತ್ತು ಅದರ ಜೊತೆಗೇ ಬರುವ 18-55 ಮಿ.ಮೀ. ಕಿಟ್ ಲೆನ್ಸ್ ಇದ್ದರೆ ಸಾಕು. ಜೊತೆಗೆ ಕಟ್ಟಿಕೊಡುವ ಅಗ್ಗದ ‘ಕಾಂಬೊ’ ಬೇಡ. ಅದರಲ್ಲಿನ ಪ್ಲಾಸ್ಟಿಕ್ ಟ್ರೈಪಾಡ್ ಕ್ಯಾಮೆರಾದ ಭಾರಕ್ಕೇ ಕತ್ತು ಬಾಗಿಸುತ್ತದೆ. ಲೆನ್ಸ್ ಮುಂದೆ ತಿರುಗಿಸಿ ಕೂರಿಸುವ ವೈಡ್, ಟೆಲಿ ಗಾಜುಗಳು ಚಿತ್ರದ ಅಂಚನ್ನು ಮಸುಕಾಗಿಸುತ್ತವೆ. ಕಡಿಮೆ ಬೆಲೆಯ ಯುವಿ ಫಿಲ್ಟರ್ ಹಾಕಿ ರಾತ್ರಿ ದೀಪಗಳನ್ನು ತೆಗೆದರೆ ಇಲ್ಲದ ಜಾಗದಲ್ಲೂ ದೀಪ ಕಾಣುತ್ತದೆ. ಮುಂದಿನ ಗಾಜಿಗೆ ಏಟು ಬೀಳಬಾರದು ಎಂದಿದ್ದರೆ ಲೆನ್ಸ್ ಮುಂದೆ ಕೂರುವ ಕೊಳವೆಯಂಥ ಲೆನ್ಸ್ ಹುಡ್ ಹಾಕಿಕೊಳ್ಳಿ.

ಕಂಪನಿಗಳ ಗಮನವೆಲ್ಲ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳ ಕಡೆ ಹೋಗಿರುವುದರಿಂದ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್‌ಗಳು ಧಾರಾಳವಾಗಿ ಸಿಗುತ್ತವೆ. ಕ್ಯಾನನ್ 1500ಡಿ, ನಿಕಾನ್ ಡಿ3500 ಎರಡೂ 24 ಮೆಗಾಪಿಕ್ಸೆಲ್. ಕಲಿಯಲು ಯಾವುದಾದರೂ ಆದೀತು. ನಿಕಾನ್‌ನಲ್ಲಿ ಮಾತ್ರ ಒಂದು ಎಚ್ಚರ ಬೇಕು: ಡಿ3500ರ ಬಾಡಿಯೊಳಗೆ ಫೋಕಸ್ ಮೋಟಾರ್ ಇಲ್ಲ. ಮೋಟಾರ್ ತನ್ನೊಳಗೇ ಇರುವ ಎಎಫ್-ಎಸ್ ಅಥವಾ ಎಎಫ್-ಪಿ ಲೆನ್ಸ್ ಕೊಳ್ಳಿ. ಹಳೆಯ ಎಎಫ್-ಡಿ ಲೆನ್ಸ್ ಅಗ್ಗವಾಗಿ ಸಿಕ್ಕಿತೆಂದು ತಂದರೆ ಕೈಯಲ್ಲೇ ತಿರುಗಿಸಿ ಫೋಕಸ್ ಮಾಡಬೇಕಾಗುತ್ತದೆ. ಹಳೆಯ ಲೆನ್ಸ್ ಯಾವುದೇ ಇರಲಿ, ಎರಡೂ ಕ್ಯಾಪ್ ತೆಗೆದು ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ನಿಕಾನ್ ಲೆನ್ಸ್ ಆದರೆ ಹಿಂದಿನ ಪುಟ್ಟ ಲಿವರ್ ಸರಿಸಿದಾಗ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ತೆರೆದುಕೊಳ್ಳುತ್ತದೆ. ಒಳಗೆ ನಾಲ್ಕು ಧೂಳಿನ ಕಣ ಕಂಡರೆ ಚಿಂತೆಯಿಲ್ಲ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಅಂಥದ್ದನ್ನು ಅಲ್ಲೇ ಬಿಟ್ಟು ಬನ್ನಿ.

ಮೊದಲ ದಿನ ಮಾಡಬೇಕಾದ ಕೆಲಸವನ್ನು ಹೆಚ್ಚಿನವರು ಮರೆಯುತ್ತಾರೆ. ವ್ಯೂಫೈಂಡರ್ ಪಕ್ಕದಲ್ಲಿ ಡಯಾಪ್ಟರ್ ಎಂಬ ಪುಟ್ಟ ಚಕ್ರವಿದೆ. ಎದುರಿನ ದೃಶ್ಯವನ್ನಲ್ಲ, ಒಳಗೆ ಕಾಣುವ ಫೋಕಸ್ ಚುಕ್ಕೆಗಳನ್ನೇ ನೋಡುತ್ತ ಅವು ಚೂಪಾಗುವವರೆಗೆ ಅದನ್ನು ತಿರುಗಿಸಿ. ಇದನ್ನು ಮಾಡದೆ ‘ಕ್ಯಾಮೆರಾ ಫೋಕಸ್ ಆಗುತ್ತಿಲ್ಲ’ ಎಂದು ರಿಪೇರಿಗೆ ಕೊಂಡೊಯ್ಯುವವರಿದ್ದಾರೆ.

ಆಮೇಲೆ ಡಯಲ್ಲನ್ನು ಆಟೋದಿಂದ ತೆಗೆದು ಅಪರ್ಚರ್ ಪ್ರಯಾರಿಟಿಗೆ (ಅಪರ್ಚರ್ ನೀವು ಆರಿಸಿ, ಶಟರ್ ಸ್ಪೀಡ್ ಕ್ಯಾಮೆರಾಗೆ ಬಿಡುವುದು) ತನ್ನಿ. ಅದು ಕ್ಯಾನನ್‌ನಲ್ಲಿ ‘ಎವಿ’, ನಿಕಾನ್‌ನಲ್ಲಿ ‘ಎ’. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋ ಇರಲಿ, ಗರಿಷ್ಠ ಮಿತಿ 3200ಕ್ಕೆ ಇಡಿ. ಫೋಕಸ್‌ಗೆ ನಡುವಿನ ಒಂದೇ ಚುಕ್ಕೆ ಆರಿಸಿ. ಎಲ್ಲ ಚುಕ್ಕೆಗಳನ್ನೂ ಬಿಟ್ಟರೆ ಕ್ಯಾಮೆರಾ ಹೆಚ್ಚಾಗಿ ಹತ್ತಿರದ ವಸ್ತುವನ್ನೇ ಹಿಡಿಯುತ್ತದೆ. ಮದುಮಗಳ ಮುಖ ಬಿಟ್ಟು ಮುಂದೆ ನೇತಾಡುವ ತೋರಣ ಸ್ಪಷ್ಟವಾಗುತ್ತದೆ. ಫ್ರೇಮ್ ತುಂಬ ಬಿಳಿ ಪಂಚೆ ಇದ್ದರೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಚಿತ್ರದ ಬೆಳಕನ್ನು ಹೆಚ್ಚು-ಕಡಿಮೆ ಮಾಡುವ ಸೆಟ್ಟಿಂಗ್) +1 ಮಾಡಿ, ಫ್ರೇಮ್ ತುಂಬ ಎಮ್ಮೆ ಇದ್ದರೆ -1. ಯಾಕೆಂದರೆ ಬೆಳಕು ಅಳೆಯುವ ಮೀಟರ್‌ಗೆ ಬಣ್ಣದ ಗೊಡವೆಯಿಲ್ಲ, ಎಲ್ಲವನ್ನೂ ನಡುಬೂದಿಗೆ ತರುವುದೊಂದೇ ಅದಕ್ಕೆ ಗೊತ್ತು.

55 ಮಿ.ಮೀ.ನಲ್ಲಿ ಕೈಯಲ್ಲೇ ಹಿಡಿದು ತೆಗೆಯುವಾಗ ಶಟರ್ ಸ್ಪೀಡ್ (ಶಟರ್ ತೆರೆದಿರುವ ಸಮಯ) 1/100 ಸೆಕೆಂಡ್‌ಗಿಂತ ನಿಧಾನವಾಗದಂತೆ ನೋಡಿಕೊಳ್ಳಿ. ಲೆನ್ಸ್‌ನಲ್ಲಿ ಸ್ಟೆಬಿಲೈಸೇಷನ್ ಇದ್ದರೆ ನಿಮ್ಮ ಕೈನಡುಕ ತಡೆಯುತ್ತದೆ, ಓಡುವ ಮಗುವನ್ನು ಅದು ನಿಲ್ಲಿಸುವುದಿಲ್ಲ.

ಎರಡನೇ ಲೆನ್ಸ್ ಎಂದರೆ 50 ಮಿ.ಮೀ. ಎಫ್/1.8. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅಪರ್ಚರ್ ದೊಡ್ಡದು. ಇದನ್ನು ಶಿಫಾರಸು ಮಾಡುವುದಕ್ಕೆ ಲೆಕ್ಕವಿದೆ. ಕಿಟ್ ಲೆನ್ಸ್ 55 ಮಿ.ಮೀ.ಗೆ ಬಂದಾಗ ಅದರ ಅಪರ್ಚರ್ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಎಫ್/1.8ರಲ್ಲಿ ಅದರ ಸುಮಾರು 10 ಪಟ್ಟು ಬೆಳಕು ಒಳಬರುತ್ತದೆ. ರಾತ್ರಿ ಯಕ್ಷಗಾನದಲ್ಲಿ ಕಿಟ್ ಲೆನ್ಸ್ 1/25 ಕೊಟ್ಟರೆ ಇದು ಅದೇ ಐಎಸ್‌ಒನಲ್ಲಿ 1/250 ಕೊಡುತ್ತದೆ. ವೇಷದ ಕುಣಿತ ಮಸುಕಾಗದೆ ನಿಲ್ಲುತ್ತದೆ. ಆದರೆ 2 ಮೀಟರ್ ದೂರದಿಂದ ಎಫ್/1.8ರಲ್ಲಿ ತೆಗೆದರೆ ಸ್ಪಷ್ಟವಾಗಿರುವ ಆಳ ಸುಮಾರು 11 ಸೆಂ.ಮೀ. ಮಾತ್ರ. ಫೋಕಸ್ ಕಣ್ಣಿನ ಮೇಲೇ ಇರಲಿ, ಕಿರೀಟದ ಮೇಲಲ್ಲ.

ಮೆಮೊರಿ ಕಾರ್ಡ್ ವಿ30 ಎಂಬ ವೇಗದ ಗುರುತಿನದು, 32 ಜಿಬಿಯವು ಎರಡಿರಲಿ. ರಾ (ಸಂಸ್ಕರಿಸದ) ಫೈಲ್‌ಗಳಾದರೆ ಒಂದರಲ್ಲಿ ಸುಮಾರು 1000 ಹಿಡಿಸುತ್ತವೆ. ಫಾರ್ಮ್ಯಾಟ್ ಅನ್ನು ಕ್ಯಾಮೆರಾದಲ್ಲೇ ಮಾಡಿ. ಟ್ರೈಪಾಡ್ ಆಮೇಲೆ ಕೊಂಡರಾಯಿತು. ಕೊಂಡ ಮೇಲೆ ನಡುಗಂಬ ಎತ್ತದೆ, ಸ್ಟೆಬಿಲೈಸೇಷನ್ ಆಫ್ ಮಾಡಿ, 2 ಸೆಕೆಂಡ್ ಟೈಮರ್ ಇಟ್ಟು ತೆಗೆಯಿರಿ.

ಲೆನ್ಸ್ ಬದಲಿಸುವಾಗ ಕ್ಯಾಮೆರಾ ಆಫ್ ಮಾಡಿ ಬಾಯಿ ಕೆಳಗೆ ಮಾಡಿ ಹಿಡಿಯಿರಿ. ಒಳಗೆ ಧೂಳು ಹೋಗಿದೆಯೇ ತಿಳಿಯಲು ಎಫ್/22ರಲ್ಲಿ ಬಿಳಿ ಗೋಡೆಯನ್ನು ಫೋಕಸ್ ತಪ್ಪಿಸಿ ತೆಗೆದು ನೋಡಿ. ಪ್ರತಿ ಚಿತ್ರದಲ್ಲೂ ಒಂದೇ ಜಾಗದಲ್ಲಿ ಕಪ್ಪು ಚುಕ್ಕೆ ಬಂದರೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಧೂಳಿದೆ. ಬ್ಯಾಟರಿ ಪೂರ್ತಿ ಚಾರ್ಜ್ ಇದ್ದಾಗ ಮೆನುವಿನಿಂದ ಕನ್ನಡಿ ಎತ್ತಿಸಿ, ರಬ್ಬರ್ ಬ್ಲೋವರ್‌ನಿಂದ ಗಾಳಿ ಹಾಕಿ. ಬಾಯಿಂದ ಊದಿದರೆ ಎಂಜಲಿನ ಹನಿ ಅಂಟಿಕೊಳ್ಳುತ್ತದೆ, ಆಗ ಧೂಳೇ ವಾಸಿ ಎನಿಸುತ್ತದೆ.

ಮಲೆನಾಡು, ಕರಾವಳಿಯವರು ಲೆನ್ಸ್‌ಗಿಂತ ಮೊದಲು ಡಬ್ಬಿ ಕೊಳ್ಳಬೇಕು. ಮಳೆಗಾಲದಲ್ಲಿ ಬಟ್ಟೆಯ ಬ್ಯಾಗಿನೊಳಗೆ ತೇವ ಕೂತು, ಕೆಲವೇ ವಾರಗಳಲ್ಲಿ ಗಾಜಿಗೆ ಫಂಗಸ್ ಹಿಡಿಯಬಹುದು. ರಬ್ಬರ್ ಅಂಚಿನ, ಗಾಳಿಯಾಡದ 10 ಲೀಟರ್ ಪ್ಲಾಸ್ಟಿಕ್ ಡಬ್ಬಿಗೆ 150-200 ಗ್ರಾಂ ತೇವ ಹೀರುವ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಬಟ್ಟೆಯಲ್ಲಿ ಕಟ್ಟಿ ಹಾಕಿ, ಜೊತೆಗೊಂದು ತೇವಾಂಶ ಅಳೆಯುವ ಪುಟ್ಟ ಹೈಗ್ರೋಮೀಟರ್ ಇಡಿ. ತೇವಾಂಶ ಶೇ. 40-50 ಇರಬೇಕು. ಜೆಲ್ ಹಸಿರಾದರೆ 120 ಡಿಗ್ರಿಯಲ್ಲಿ 2 ಗಂಟೆ ಓವನ್‌ನಲ್ಲಿಟ್ಟು, ಮುಚ್ಚಿದ ಬಾಟಲಿಯಲ್ಲಿ ಆರಿಸಿ ಮತ್ತೆ ಬಳಸಿ. ಅಡುಗೆಯ ಪಾತ್ರೆ ಇದಕ್ಕೆ ಬೇಡ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷವಿರುವುದರಿಂದ ಅದನ್ನು ಮನೆಗೇ ತರಬೇಡಿ. ಜೆಲ್ ಬದಲು ಅಕ್ಕಿ ಹಾಕಿದರೆ ಅದರ ಹುಡಿ ಲೆನ್ಸ್ ಸೇರುತ್ತದೆ.

ಎಸಿ ಕಾರಿನಿಂದ ಮಂಗಳೂರಿನ ಸೆಕೆಗೆ ಇಳಿಯುವಾಗ ತಣ್ಣಗಿನ ಗಾಜಿನ ಮೇಲೆ ಕ್ಷಣದಲ್ಲಿ ನೀರು ಕೂರುತ್ತದೆ. ಇಳಿಯುವ ಮೊದಲೇ ಕ್ಯಾಮೆರಾವನ್ನು ಜಿಪ್ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಹೊರಗೆ ಅರ್ಧ ಗಂಟೆ ಹಾಗೇ ಬಿಡಿ. ಚೀಲದ ಹೊರಮೈಯ ನೀರು ಒರೆಸಿ, ಮತ್ತೆ ತೇವ ಕೂರದಿದ್ದರೆ ಜಿಪ್ ತೆರೆಯಿರಿ.