ಮಕ್ಕಳು, ಮನೆ, ಉಯಿಲು: ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದ ಕುಟುಂಬಗಳಿಗೆ ಸಂಘದ ಮಾರ್ಗದರ್ಶಿ

ಉಯಿಲಿನ ಮಾತೆತ್ತಿದ ಕೂಡಲೇ "ಬಿಡ್ತು ಅನ್ನು" ಎನ್ನುವ ಮನೆಗಳಿಂದಲೇ ನಮ್ಮಲ್ಲಿ ಹೆಚ್ಚಿನವರು ಬಂದಿದ್ದೇವೆ. ಊರಿನಲ್ಲಿ ಆ ಮಾತನ್ನು ಮುಂದೂಡಿದರೂ ಹೇಗೋ ನಡೆದುಹೋಗುತ್ತದೆ, ಏಕೆಂದರೆ ಅನಾಹುತವಾದ ದಿನ ಮಕ್ಕಳನ್ನು ಎತ್ತಿಕೊಳ್ಳಲು ಅಜ್ಜಿಯೋ ಸೋದರಮಾವನೋ ಬಾಗಿಲಿಗೆ ಬಂದೇ ಬರುತ್ತಾರೆ. ಇಲ್ಲಿ ಹೊಸದಾಗಿ ನೆಲೆಸಿದ ಕುಟುಂಬಕ್ಕೆ ಆ ಆಸರೆ ಇರುವುದಿಲ್ಲ. ತಂದೆತಾಯಿ ಇಬ್ಬರೂ ಇಲ್ಲವಾದರೆ ಮಗು ಯಾರ ಬಳಿ ಬೆಳೆಯಬೇಕೆಂಬುದನ್ನು ಕೌಂಟಿಯ ಸುಪೀರಿಯರ್ ಕೋರ್ಟ್ ನಿರ್ಧರಿಸುತ್ತದೆ. ಆ ನಿರ್ಧಾರವಾಗುವವರೆಗೆ ಮಗು ಅಪರಿಚಿತರ ಆರೈಕೆಯಲ್ಲಿ ಇರಬೇಕಾಗಿ ಬರಬಹುದು. ಆದ್ದರಿಂದ ಈ ಮಾರ್ಗದರ್ಶಿಯನ್ನು ಮಕ್ಕಳ ವಿಷಯದಿಂದಲೇ ಆರಂಭಿಸುತ್ತೇವೆ.

18 ವರ್ಷ ತುಂಬದ ಮಕ್ಕಳಿರುವ ದಂಪತಿಗಳು ಗಾರ್ಡಿಯನ್ ಯಾರಾಗಬೇಕೆಂದು ಬರೆದಿಡಲೇಬೇಕು. ಕೊನೆಯ ತೀರ್ಮಾನ ಕೋರ್ಟಿನದೇ ಆದರೂ ತಂದೆತಾಯಿಯ ಲಿಖಿತ ಇಚ್ಛೆಗೆ ಅಲ್ಲಿ ಬೆಲೆಯಿದೆ. ಎರಡು ಮನೆಗಳನ್ನು ಹೆಸರಿಸುವುದು ಒಳ್ಳೆಯದೆಂಬುದು ನಮ್ಮ ಸಲಹೆ: ಮಗುವನ್ನು ಕೊನೆಯವರೆಗೂ ಸಾಕಬೇಕಾದವರು ಮೈಸೂರಿನಲ್ಲಿರುವ ಅಕ್ಕ ಭಾವಂದಿರಾದರೆ, ಅವರು ವೀಸಾ ಪಡೆದು ಬಂದು ತಲುಪುವವರೆಗೆ ನೋಡಿಕೊಳ್ಳಲು ಇಲ್ಲೇ ಹತ್ತಿರದಲ್ಲಿರುವ ಸ್ನೇಹಿತರ ಕುಟುಂಬವೊಂದನ್ನು ತಾತ್ಕಾಲಿಕ ಗಾರ್ಡಿಯನ್ ಆಗಿ ಸೂಚಿಸಬೇಕು. ಇಬ್ಬರ ಒಪ್ಪಿಗೆಯನ್ನೂ ಮೊದಲೇ ಕೇಳಿರಿ. ಮಗುವಿನ ಪಾಸ್‌ಪೋರ್ಟ್ ಮತ್ತು ಜನನ ಪ್ರಮಾಣಪತ್ರ ಯಾವ ಕಪಾಟಿನಲ್ಲಿವೆ ಎಂಬುದು ಆ ಸ್ನೇಹಿತರಿಗೆ ತಿಳಿದಿರಲಿ. ವಕೀಲರ ಶುಲ್ಕ ಸದ್ಯಕ್ಕೆ ಭಾರವೆನಿಸಿದರೆ, ಕ್ಯಾಲಿಫೋರ್ನಿಯಾ ಸ್ಟೇಟ್ ಬಾರ್ ಉಚಿತವಾಗಿ ಒದಗಿಸುವ ಸ್ಟ್ಯಾಚುಟರಿ ವಿಲ್ ನಮೂನೆಯಲ್ಲಿ ಗಾರ್ಡಿಯನ್ ಹೆಸರಿಗೂ ಜಾಗವಿದೆ. ಅದಕ್ಕೆ ಇಬ್ಬರು ಸಾಕ್ಷಿಗಳ ಸಹಿ ಬೇಕು, ನೋಟರಿ ಬೇಕಿಲ್ಲ. ಆಸ್ತಿ ಪಡೆಯುವವರು ಸಾಕ್ಷಿಯಾಗದಂತೆ ನೋಡಿಕೊಳ್ಳಿ.

ಇನ್ನು ಆಸ್ತಿಯ ವಿಷಯ. ಉಯಿಲು ಬರೆದಿಟ್ಟರೆ ಕೋರ್ಟಿಗೆ ಹೋಗುವುದು ತಪ್ಪುತ್ತದೆ ಎಂದು ಬಹಳ ಜನ ನಂಬಿದ್ದಾರೆ, ಅದು ನಿಜವಲ್ಲ. ಮೃತರ ಒಬ್ಬರ ಹೆಸರಿನಲ್ಲೇ ಉಳಿದ ಆಸ್ತಿ ಒಂದು ಮಿತಿಯನ್ನು ಮೀರಿದರೆ, ಉಯಿಲು ಇದ್ದರೂ ಪ್ರೊಬೇಟ್ ಎಂಬ ಕೋರ್ಟಿನ ಪ್ರಕ್ರಿಯೆಯ ಮೂಲಕವೇ ವಾರಸುದಾರರಿಗೆ ಹೋಗಬೇಕು. 2025ರ ಏಪ್ರಿಲ್ 1ರಿಂದೀಚೆಗಿನ ಸಾವುಗಳಿಗೆ ಆ ಮಿತಿ 2,08,850 ಡಾಲರ್. ಅದರೊಳಗಿದ್ದರೆ 40 ದಿನ ಕಳೆದ ಮೇಲೆ ಒಂದು ಅಫಿಡವಿಟ್ ಕೊಟ್ಟು ಬ್ಯಾಂಕಿನ ಹಣವನ್ನು ಪಡೆಯಬಹುದು. ವಾಸದ ಮನೆಗೆ 7,50,000 ಡಾಲರ್‌ವರೆಗೆ ಪ್ರತ್ಯೇಕವಾದ ಸರಳ ಅರ್ಜಿಯಿದೆ, ಆದರೆ ಬೇ ಏರಿಯಾದ ಎಷ್ಟೋ ಮನೆಗಳು ಆ ಬೆಲೆಯನ್ನು ದಾಟಿಬಿಟ್ಟಿವೆ.

ಪ್ರೊಬೇಟ್ ಮುಗಿಯಲು ಒಂದು ವರ್ಷ ಹಿಡಿಯುವುದು ಸಾಮಾನ್ಯ. ಖರ್ಚನ್ನು ಕಾನೂನೇ ನಿಗದಿಪಡಿಸಿದೆ: ಮೊದಲ ಒಂದು ಲಕ್ಷ ಡಾಲರ್‌ಗೆ ಶೇ. 4, ಮುಂದಿನ ಒಂದು ಲಕ್ಷಕ್ಕೆ ಶೇ. 3, ಅದರ ಮುಂದಿನ ಎಂಟು ಲಕ್ಷಕ್ಕೆ ಶೇ. 2. ಈ ಲೆಕ್ಕದಲ್ಲಿ ಸಾಲವನ್ನು ಕಳೆಯುವುದಿಲ್ಲ ಎಂಬುದನ್ನು ಗಮನಿಸಬೇಕು. ಹತ್ತು ಲಕ್ಷ ಡಾಲರ್ ಬೆಲೆಯ ಮನೆಯ ಮೇಲೆ ಎಂಟು ಲಕ್ಷ ಸಾಲವಿದ್ದು, ಕುಟುಂಬಕ್ಕೆ ನಿಜವಾಗಿ ಉಳಿಯುವುದು ಎರಡು ಲಕ್ಷವೇ ಆದರೂ, ವಕೀಲರಿಗೆ 23,000 ಡಾಲರ್ ಸಲ್ಲುತ್ತದೆ. ಉಯಿಲನ್ನು ಜಾರಿಗೊಳಿಸುವ ಎಕ್ಸಿಕ್ಯೂಟರ್ ಆದವರೂ ಅಷ್ಟೇ ಮೊತ್ತವನ್ನು ಕೇಳಬಹುದು. ಹೀಗಿರುವುದರಿಂದ ಮನೆ ಕೊಂಡವರಿಗೆ ಲಿವಿಂಗ್ ಟ್ರಸ್ಟ್ (ಬದುಕಿರುವಾಗಲೇ ಆಸ್ತಿಯನ್ನು ಟ್ರಸ್ಟಿಗೆ ಸೇರಿಸಿ, ಪ್ರೊಬೇಟ್ ಇಲ್ಲದೆ ವಾರಸುದಾರರಿಗೆ ದಾಟಿಸುವ ವ್ಯವಸ್ಥೆ) ಅಗತ್ಯವೆಂದೇ ನಾವು ಹೇಳುತ್ತೇವೆ.

ಆದರೆ ಟ್ರಸ್ಟಿನ ದಾಖಲೆಗೆ ಸಹಿ ಹಾಕಿ ಬೀರುವಿನಲ್ಲಿಟ್ಟ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಮನೆಯ ಡೀಡ್‌ನಲ್ಲಿ, ಅಂದರೆ ಹಕ್ಕುಪತ್ರದಲ್ಲಿ, ಮಾಲೀಕರ ಹೆಸರಿನ ಜೊತೆ "ಇಂಥ ಟ್ರಸ್ಟಿನ ಟ್ರಸ್ಟಿ" ಎಂಬ ಒಕ್ಕಣೆ ಬಂದು, ಆ ಹೊಸ ಡೀಡ್ ಕೌಂಟಿ ರೆಕಾರ್ಡರ್ ಕಚೇರಿಯಲ್ಲಿ ದಾಖಲಾಗಬೇಕು. ಆ ಒಂದು ಸಾಲು ಇಲ್ಲದಿದ್ದರೆ ಮನೆ ಟ್ರಸ್ಟಿನ ಹೊರಗೇ ಉಳಿಯುತ್ತದೆ. ಮುಂದೆ ರೀಫೈನಾನ್ಸ್ ಮಾಡುವಾಗ ಸಾಲಕೊಡುವವರ ಬೇಡಿಕೆಯಂತೆ ಮನೆಯನ್ನು ಟ್ರಸ್ಟಿನಿಂದ ತೆಗೆದಿದ್ದರೆ, ಅದು ಮತ್ತೆ ಒಳಗೆ ಬಂದಿದೆಯೇ ಎಂದು ಪರೀಕ್ಷಿಸಿಕೊಳ್ಳಿ.

ಮನೆ ಕೊಳ್ಳದವರಿಗೂ ಮಾಡಬೇಕಾದ ಕೆಲಸವಿದೆ, ಅದಕ್ಕೆ ಖರ್ಚಿಲ್ಲ. 401(ಕೆ), ಐಆರ್‌ಎ ಎಂಬ ನಿವೃತ್ತಿ ಉಳಿತಾಯ ಖಾತೆಗಳು, ಜೀವವಿಮೆ ಇವು ಉಯಿಲನ್ನು ಕೇಳುವುದಿಲ್ಲ. ಬೆನಿಫಿಷಿಯರಿ ಎಂದು ಯಾರ ಹೆಸರಿದೆಯೋ ಅವರಿಗೆ ನೇರವಾಗಿ ಹೋಗುತ್ತವೆ. ಮದುವೆಗೆ ಮುಂಚೆ ಕೆಲಸಕ್ಕೆ ಸೇರಿದವರು ಅಪ್ಪನ ಹೆಸರನ್ನು ಬರೆದು ಮರೆತಿರುವುದುಂಟು. 401(ಕೆ)ಯಲ್ಲಿ ಫೆಡರಲ್ ಕಾನೂನು ಸಾಮಾನ್ಯವಾಗಿ ಗಂಡ ಅಥವಾ ಹೆಂಡತಿಯ ಹಕ್ಕನ್ನು ಕಾಯುತ್ತದೆ, ವಿಮೆಯಲ್ಲಿ ಆ ರಕ್ಷಣೆಯಿಲ್ಲ. ಚಿಕ್ಕ ಮಕ್ಕಳ ಹೆಸರನ್ನು ನೇರವಾಗಿ ಬರೆದರೆ ಹಣ ಕೋರ್ಟಿನ ಮೇಲ್ವಿಚಾರಣೆಗೆ ಸಿಲುಕಬಹುದು, ಆದ್ದರಿಂದ ಟ್ರಸ್ಟನ್ನೋ ಮಕ್ಕಳ ಪರವಾಗಿ ಹಣ ನೋಡಿಕೊಳ್ಳುವ ಕಸ್ಟೋಡಿಯನ್ ಒಬ್ಬರನ್ನೋ ಹೆಸರಿಸಿ.

ಉಯಿಲೇ ಇಲ್ಲದಿದ್ದರೆ ಎರಡು ದೇಶಗಳ ಕಾನೂನು ಎರಡು ರೀತಿ ಹಂಚುತ್ತದೆ. ಕ್ಯಾಲಿಫೋರ್ನಿಯಾದಲ್ಲಿ, ಮದುವೆಯ ನಂತರ ಇಲ್ಲಿ ದುಡಿದು ಗಳಿಸಿದ್ದು ಸಾಮಾನ್ಯವಾಗಿ ಇಡಿಯಾಗಿ ಸಂಗಾತಿಗೆ ಸೇರುತ್ತದೆ; ಮಕ್ಕಳಿದ್ದರೆ ಮೃತರ ತಂದೆತಾಯಿಗೆ ಪಾಲಿಲ್ಲ. ಕರ್ನಾಟಕದ ಸೈಟಿಗೋ ಫ್ಲಾಟಿಗೋ ಭಾರತದ ಕಾನೂನೇ ಅನ್ವಯಿಸುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಗಂಡಸು ತೀರಿಕೊಂಡರೆ ಹೆಂಡತಿ, ಮಕ್ಕಳ ಜೊತೆಗೆ ಮೃತರ ತಾಯಿಗೂ ಸಮಪಾಲಿದೆ, ತಂದೆಗಿಲ್ಲ. ಊರಿನ ತಂದೆತಾಯಿಯ ಜೀವನ ನಿಮ್ಮ ದುಡಿಮೆಯನ್ನೇ ನಂಬಿದ್ದರೆ, ಅವರ ಪಾಲನ್ನು ಬರೆದೇ ಇಡಬೇಕು.

ಭಾರತದ ಆಸ್ತಿಗೆ ಅಲ್ಲಿಯ ಕಾನೂನಿನಂತೆ ಇಬ್ಬರು ಸಾಕ್ಷಿಗಳ ಎದುರು ಬರೆದ ಬೇರೆ ಉಯಿಲನ್ನು ಮಾಡಿಸುವುದು ಸೂಕ್ತ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಕಡ್ಡಾಯವಲ್ಲ, ಆದರೂ ಮುಂದೆ ತಕರಾರು ಬಂದಾಗ ಅದು ನೆರವಿಗೆ ಬರುತ್ತದೆ. "ಹಿಂದಿನ ಎಲ್ಲ ಉಯಿಲುಗಳನ್ನು ರದ್ದುಪಡಿಸಿದ್ದೇನೆ" ಎಂಬ ವಾಡಿಕೆಯ ವಾಕ್ಯ ಎರಡನೆಯ ಉಯಿಲಿನಲ್ಲಿ ಬಂದರೆ ಮೊದಲನೆಯದು ಬಿದ್ದುಹೋಗುವ ಅಪಾಯವಿದೆ, ಆದ್ದರಿಂದ ಪ್ರತಿಯೊಂದು ಉಯಿಲೂ ಯಾವ ದೇಶದ ಆಸ್ತಿಗೆ ಸಂಬಂಧಿಸಿದ್ದೆಂದು ಸ್ಪಷ್ಟವಾಗಿ ಹೇಳಬೇಕು. ಊರಿನ ಬ್ಯಾಂಕಿನಲ್ಲಿ ನಾಮಿನಿ ಆದವರು ಆ ಹಣದ ಒಡೆಯರಲ್ಲ, ವಾರಸುದಾರರ ಪರವಾಗಿ ಹಣ ಪಡೆಯುವವರು ಮಾತ್ರ; ಷೇರುಗಳ ವಿಷಯದಲ್ಲೂ ಸುಪ್ರೀಂ ಕೋರ್ಟ್ 2023ರಲ್ಲಿ ಇದೇ ನಿಲುವನ್ನು ಎತ್ತಿಹಿಡಿದಿದೆ. ತಮ್ಮನಿಗೆ ಕೊಟ್ಟ ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ನಿಮ್ಮ ಮರಣದೊಂದಿಗೆ ಕೊನೆಗೊಳ್ಳುತ್ತದೆ, ಆ ನಂತರ ಅದರ ಬಲದ ಮೇಲೆ ಆತ ಜಮೀನನ್ನು ಮಾರುವಂತಿಲ್ಲ. ಪೌತಿ ಖಾತೆಗೆ, ಅಂದರೆ ಮೃತರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸಲು, ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಬೇಕಾಗುತ್ತವೆ. ಅಮೆರಿಕದಲ್ಲಿ ಕೊಟ್ಟ ಮರಣ ಪ್ರಮಾಣಪತ್ರವಾದರೆ ಅದಕ್ಕೆ ಅಪೋಸ್ಟಿಲ್ (ವಿದೇಶದಲ್ಲಿ ಬಳಸಲು ಸರ್ಕಾರ ಕೊಡುವ ದೃಢೀಕರಣ) ಮಾಡಿಸಿ ಕಳಿಸಿ.

ಊರಿನಿಂದ ನಿಮಗೇ ಆಸ್ತಿ ಬಂದಾಗ, ಅದರ ಮೊತ್ತ ವರ್ಷದಲ್ಲಿ ಒಂದು ಲಕ್ಷ ಡಾಲರ್ ಮೀರಿದರೆ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೆ 3520 ನಮೂನೆಯಲ್ಲಿ ತಿಳಿಸಬೇಕು. ತೆರಿಗೆ ಇಲ್ಲದಿದ್ದರೂ, ತಿಳಿಸದಿದ್ದರೆ ದಂಡ ದೊಡ್ಡದು.

ವಕೀಲರನ್ನು ಕಾಣಲು ಹೋಗುವಾಗ ಮನೆಯ ಡೀಡ್, ಪ್ರತಿ ಖಾತೆಯ ಬೆನಿಫಿಷಿಯರಿ ಪುಟದ ಪ್ರತಿ, ವೀಸಾ ಅಥವಾ ಗ್ರೀನ್ ಕಾರ್ಡಿನ ವಿವರ, ಊರಿನ ಆಸ್ತಿಯ ಪಟ್ಟಿ ಇವುಗಳನ್ನು ಜೊತೆಗೊಯ್ಯಿರಿ. ಸಂಗಾತಿ ಅಮೆರಿಕದ ಪೌರರಲ್ಲದಿದ್ದರೆ ಎಸ್ಟೇಟ್ ತೆರಿಗೆಯ (ಮೃತರ ಆಸ್ತಿಯ ಮೇಲಿನ ತೆರಿಗೆಯ) ನಿಯಮಗಳು ಬೇರೆಯಾಗುವುದರಿಂದ, ಅದನ್ನು ಮೊದಲ ಭೇಟಿಯಲ್ಲೇ ಹೇಳಿಬಿಡಿ.