ಉಪ್ಪುನೀರಿನ ಅಕ್ವೇರಿಯಂಗೆ ನಾನೇ ಮಾಡಿಕೊಂಡ ಫಿಲ್ಟರ್

ಫಿಲ್ಟರ್ ಕಸ ಹಿಡಿದರೆ ಸಾಲದು, ಆ ಕಸ ನೀರಿನಿಂದ ಹೊರಗೆ ಹೋಗಬೇಕು. ಬೆಂಗಳೂರಿನ ನಮ್ಮ ಮನೆಯ 3 ಅಡಿ ಉದ್ದದ ಉಪ್ಪುನೀರಿನ ಟ್ಯಾಂಕಿಗೆ ಫಿಲ್ಟರ್ ಮಾಡುವಾಗ ನಾನು ಇದನ್ನೇ ತಲೆಯಲ್ಲಿಟ್ಟುಕೊಂಡಿದ್ದೆ. ಸ್ಪಾಂಜಿನಲ್ಲಿ ಸಿಕ್ಕಿಕೊಂಡ ಮೀನಿನ ಮಲ, ಮಿಕ್ಕ ಆಹಾರ ಕಣ್ಣಿಗೆ ಬೀಳುವುದಿಲ್ಲ. ಆದರೆ ಟ್ಯಾಂಕಿನ ನೀರೆಲ್ಲ ಅದರ ಮೂಲಕವೇ ಹರಿಯುತ್ತಿರುತ್ತದೆ ಅಲ್ವಾ? ಅಲ್ಲೇ ಕೊಳೆತು ಮೀನಿಗೆ ವಿಷವಾದ ಅಮೋನಿಯಾ ಆಗುತ್ತದೆ.

ಟ್ಯಾಂಕಿನ ಕೆಳಗಿನ ಕಬೋರ್ಡಿನಲ್ಲಿ ಹಳೆಯ ಗಾಜಿನ ತೊಟ್ಟಿಯೊಂದನ್ನು ಇಟ್ಟೆ. ಇದೇ ಸಂಪ್, ಮೇಲಿನ ಟ್ಯಾಂಕಿನ ನೀರು ಇದಕ್ಕೆ ಇಳಿದು, ಶುದ್ಧವಾಗಿ, ಪಂಪಿನಿಂದ ವಾಪಸ್ ಮೇಲಕ್ಕೆ ಹೋಗುತ್ತದೆ. ಒಳಗೆ ಎರಡು ಗಾಜಿನ ತುಂಡು ಅಂಟಿಸಿ ಮೂರು ಭಾಗ ಮಾಡಿದೆ. ಬಾತ್‌ರೂಮಿಗೆ ಹಚ್ಚುವ, ಬೂಷ್ಟು ತಡೆಯುವ ಸಿಲಿಕೋನ್ ಇದಕ್ಕೆ ಬೇಡ, ಅದರಲ್ಲಿರುವ ರಾಸಾಯನಿಕ ಮೀನಿಗೆ ವಿಷ. ಮೇಲಿನ ಟ್ಯಾಂಕಿನ ಹಿಂಬದಿಗೆ ತೂತು ಕೊರೆಸಿ, ಮನೆಯ ನೀರಿನ ಟ್ಯಾಂಕಿಗೆ ಹಾಕುವಂಥ ಪ್ಲಾಸ್ಟಿಕ್ ಟ್ಯಾಂಕ್ ನಿಪ್ಪಲ್ ಕೂರಿಸಿದೆ. ಟಫನ್ಡ್ ಗಾಜಾದರೆ ಕೊರೆಯುವಾಗಲೇ ಪುಡಿಯಾಗುತ್ತದೆ, ಮೊದಲೇ ಕೇಳಿಕೊಳ್ಳಿ. ಹಿತ್ತಾಳೆಯ ಫಿಟ್ಟಿಂಗ್ ಎಲ್ಲೂ ಬೇಡ. ಸ್ವಲ್ಪ ತಾಮ್ರ ಸೇರಿದರೂ ಸಿಗಡಿಗಳು ಉಳಿಯುವುದಿಲ್ಲ.

ಕರೆಂಟ್ ಹೋದಾಗ ಏನಾಗುತ್ತದೆ ಅನ್ನುವುದನ್ನು ಮೊದಲೇ ಲೆಕ್ಕ ಹಾಕಲೇಬೇಕು. ಪಂಪ್ ನಿಂತರೆ ಮೇಲಿನ ನೀರು ತೂತಿನ ಮಟ್ಟಕ್ಕೆ ಬರುವ ತನಕ ಕೆಳಗೆ ಇಳಿಯುತ್ತದೆ. ನನ್ನ ಟ್ಯಾಂಕಿನ ಅಗಲ ಒಂದೂವರೆ ಅಡಿ. ಬರೀ 2 ಸೆಂಟಿಮೀಟರ್ ಇಳಿದರೂ ಸುಮಾರು 8 ಲೀಟರ್! ನೀರನ್ನು ಮೇಲಕ್ಕೆ ಕಳಿಸುವ ಪೈಪ್ ಕೂಡ ಆಗ ಸೈಫನ್ ಆಗಿ ನೀರನ್ನು ವಾಪಸ್ ಎಳೆಯುತ್ತದೆ. ಅದಕ್ಕೇ ಆ ಪೈಪಿನಲ್ಲಿ ನೀರಿನ ಮಟ್ಟಕ್ಕಿಂತ ತುಸು ಕೆಳಗೆ ಸಣ್ಣ ತೂತು ಮಾಡಿದೆ. ನೀರು ಅಲ್ಲಿಗೆ ಇಳಿದ ಕೂಡಲೇ ಗಾಳಿ ಹೊಕ್ಕು ಸೈಫನ್ ಕಡಿದುಹೋಗುತ್ತದೆ. ಪಂಪ್ ಆಫ್ ಮಾಡಿ ನೋಡಿ, ಸಂಪ್ ಚೆಲ್ಲದಷ್ಟು ನೀರು ಮಾತ್ರ ಇಟ್ಟುಕೊಂಡೆ. ಪಂಪ್ ಓಡುವಾಗ ಆ ನೀರು ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಮಾರ್ಕರಿನಲ್ಲಿ ಗೆರೆ ಎಳೆದಿದ್ದೇನೆ.

ಮೊದಲ ಭಾಗದಲ್ಲಿ ಫಿಲ್ಟರ್ ಹತ್ತಿ. ಮೂರು ದಿನಕ್ಕೊಮ್ಮೆ ತೆಗೆದು ಎಸೆಯುತ್ತೇನೆ. ಎರಡನೆಯದರಲ್ಲಿ ಸೆರಾಮಿಕ್ ರಿಂಗ್‌ಗಳು. ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳ ಮನೆ ಅದು. ರಿಂಗ್‌ಗಳ ಬದಲು ಕಡಲತೀರದಿಂದ ಹವಳದ ಕಲ್ಲು ತಂದು ಹಾಕಬೇಡಿ. ಹವಳಕ್ಕೆ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಇರಲೂ ಬೇಕು.

ಉಳಿಯುವುದು ನೈಟ್ರೇಟ್. ನನಗೆ ತುಂಬಾ ಇಷ್ಟವಾದ ಕೆಲಸ ಇಲ್ಲೇ ಇರುವುದು. ಕಸೂತಿಗೆ ಬಳಸುವ ಪ್ಲಾಸ್ಟಿಕ್ ಜಾಲರಿಯನ್ನು ಹ್ಯಾಕ್ಸಾ ಬ್ಲೇಡಿನಿಂದ ಚೆನ್ನಾಗಿ ಗೀಚಿ ಒರಟು ಮಾಡಿದೆ. ಪಿವಿಸಿ ಪೈಪಿನಲ್ಲಿ ಉದ್ದಕ್ಕೆ ಸೀಳು ಮಾಡಿ, ಜಾಲರಿಯನ್ನು ಅದರಲ್ಲಿ ಸಿಕ್ಕಿಸಿ, ಎರಡೂ ಬದಿಗೆ ತೆಳುವಾಗಿ ನೀರು ಹರಿಯುವಂತೆ ಸಂಪಿನ ಮೇಲೆ ತೂಗುಹಾಕಿದೆ. ಪಕ್ಕದಲ್ಲಿ ಎಲ್‌ಇಡಿ ದೀಪ, ನೀರು ಸಿಡಿಯದ ಹಾಗೆ ಮರೆ ಮಾಡಿ. ಮೊದಲು ಕಂದು ಲೋಳೆ ಬಂತು, ಆಮೇಲೆ ಹಸಿರು ಪಾಚಿ ದಟ್ಟವಾಗಿ ಕೂತಿತು. ಪಾಚಿ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ತಿಂದು ಬೆಳೆಯುತ್ತದೆ. ವಾರಕ್ಕೊಮ್ಮೆ ಜಾಲರಿ ಬಿಚ್ಚಿ, ಸಿಂಕಿನಲ್ಲಿ ಕೆರೆದು, ಬುಡದ ತೆಳು ಪದರ ಉಳಿಸಿ ವಾಪಸ್ ಹಾಕುತ್ತೇನೆ. ಕೆರೆದ ಆ ಒಂದು ಹಿಡಿ ಪಾಚಿಯ ಜೊತೆ ಅಷ್ಟು ಕೊಳೆಯೂ ಟ್ಯಾಂಕಿನಿಂದ ಹೊರಗೆ ಬಂದ ಹಾಗೆ. ದೀಪವನ್ನು ರಾತ್ರಿ ಉರಿಸಿದರೆ ಇನ್ನೊಂದು ಲಾಭ. ಕತ್ತಲಲ್ಲಿ ಟ್ಯಾಂಕಿನ ಪಿಎಚ್ ಇಳಿಯುವ ಹೊತ್ತಿಗೆ ಈ ಪಾಚಿ ಕಾರ್ಬನ್ ಡೈಆಕ್ಸೈಡ್ ಎಳೆದುಕೊಳ್ಳುತ್ತದೆ.

ಮೂರನೆಯ ಭಾಗದಲ್ಲಿ ಪಂಪ್ ಅಷ್ಟೇ.

ನೀರಿನ ಬಗ್ಗೆ ಒಂದು ಮಾತು. ಕುಡಿಯುವ ನೀರಿನ ಆರ್‌ಓ ಯಂತ್ರದಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) ಕಂಟ್ರೋಲರ್ ಇದ್ದರೆ ಅದು ಸೋಸದ ನೀರನ್ನೂ ಬೆರೆಸುತ್ತದೆ. ಹಾಗಾಗಿ ಮೆಂಬ್ರೇನಿನಿಂದ ನೇರ ಬರುವ ನೀರನ್ನು ಡಿಐ ರೆಸಿನ್ (ಉಳಿದ ಲವಣವನ್ನೂ ಹಿಡಿದಿಟ್ಟುಕೊಳ್ಳುವ ಸಣ್ಣ ಮಣಿಗಳು) ಮೂಲಕ ಹಾಯಿಸಿ, ಟಿಡಿಎಸ್ ಮೀಟರ್ 0 ತೋರಿಸಿದ ಮೇಲೆ ಉಪ್ಪುನೀರಿನ ಅಕ್ವೇರಿಯಂಗೆಂದೇ ಸಿಗುವ ಮರೀನ್ ಸಾಲ್ಟ್ ಬೆರೆಸುತ್ತೇನೆ. ಲೀಟರಿಗೆ ಸುಮಾರು 35 ಗ್ರಾಂ, ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ 1.025 ಬರಬೇಕು. ನೀರು ಆವಿಯಾದರೆ ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ, ಆದ್ದರಿಂದ ದಿನಾ ಗೆರೆಯ ತನಕ ತುಂಬಿಸುವುದು ಉಪ್ಪಿಲ್ಲದ ನೀರನ್ನು.

ಮೀನು ತರುವ ಅವಸರ ಮಾತ್ರ ಬೇಡ. ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಶುರುವಿನಲ್ಲಿ ಒಂದು ತುಂಡು ಹಸಿ ಸಿಗಡಿ ಹಾಕಿದರೆ ಅದು ಕೊಳೆತು ಅವಕ್ಕೆ ಅಮೋನಿಯಾ ಸಿಗುತ್ತದೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ 0 ಆಗಿ ಹಾಗೇ ನಿಂತ ಮೇಲೆ ಒಂದು ಜೋಡಿ ಕ್ಲೌನ್ ಮೀನು ತಂದೆ. ಸಮುದ್ರದಿಂದ ಹಿಡಿದವಲ್ಲ, ಹ್ಯಾಚರಿಯಲ್ಲಿ ಮರಿ ಮಾಡಿಸಿದವು.