ಕಾರ್ನ್ ಸ್ನೇಕ್ ಮರಿಯ ಮೊದಲ ತುತ್ತು

ಕಾರ್ನ್ ಸ್ನೇಕ್ ಎಂಬುದು ವಿಷವಿಲ್ಲದ ಸಾಕುಹಾವು. ಆಗಷ್ಟೇ ಮೊಟ್ಟೆಯೊಡೆದು ಬಂದ ಅದರ ಮರಿ ಪೆನ್ಸಿಲ್‌ಗಿಂತ ತೆಳ್ಳಗಿರುತ್ತದೆ. ತೂಕ ಸಾಮಾನ್ಯವಾಗಿ 5ರಿಂದ 8 ಗ್ರಾಂ. ಅಷ್ಟು ಪುಟ್ಟ ಜೀವ ಎರಡು ವಾರ ಏನೂ ಮುಟ್ಟಲಿಲ್ಲವೆಂದರೆ ಸಾಕುವವರಿಗೆ ನಿದ್ದೆ ಹತ್ತುವುದಿಲ್ಲ. ದಿನಕ್ಕೆರಡು ಸಲ ಡಬ್ಬಿ ತೆರೆದು ಅದರ ಮೂತಿಯ ಮುಂದೆ ಇಲಿಮರಿ ಆಡಿಸುತ್ತಾರೆ. ಎಷ್ಟೋ ಮರಿಗಳು ತಿನ್ನದೇ ಉಳಿಯುವುದು ಈ ಉಪಚಾರದ ಕಾಟಕ್ಕೇ. ಹಾಗಾಗಿ ತಿನ್ನಿಸುವ ಉಪಾಯಗಳಿಗಿಂತ ಮೊದಲು ಸುಮ್ಮನಿರುವುದನ್ನು ಕಲಿಯಬೇಕು.

ಮೊಟ್ಟೆಯ ಹಳದಿಯ ಉಳಿಕೆ ಮರಿಯ ಹೊಟ್ಟೆಯೊಳಗೇ ಇರುತ್ತದೆ, ಮೊದಲ ದಿನಗಳಿಗೆ ಅದೇ ಊಟ. ಹುಟ್ಟಿದ 7ರಿಂದ 10 ದಿನಕ್ಕೆ ಮೊದಲ ಪೊರೆ ಕಳಚುತ್ತದೆ. ಅದಕ್ಕೂ ಮುಂಚೆ ಆಹಾರ ಹಿಡಿಯುವುದು ವ್ಯರ್ಥ. ಆಮೇಲೂ ಕಣ್ಣು ಮಬ್ಬಾಗಿ ನೀಲಿಗಟ್ಟಿದ್ದರೆ ಮುಂದಿನ ಪೊರೆ ಹತ್ತಿರ ಬಂದಿದೆ ಎಂದರ್ಥ, ಆ ವಾರ ಬಿಟ್ಟುಬಿಡಿ. ಮರಿಯನ್ನು ಬೇರೆಯವರಿಂದ ತರುವುದಾದರೆ ಎಷ್ಟು ಸಲ ತಿಂದಿದೆ, ಕೊನೆಯ ಸಲ ಯಾವತ್ತು, ಜೀವಂತ ಇಲಿಮರಿಯೋ ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿಟ್ಟದ್ದೋ, ಚಿಮಟದಲ್ಲಿ ಹಿಡಿದದ್ದೋ ಡಬ್ಬಿಯಲ್ಲಿಟ್ಟು ಬಿಟ್ಟದ್ದೋ ಎಂದು ಕೇಳಿ ಬರೆದುಕೊಳ್ಳಿ. ಫ್ರೀಜರಿನ ಆಹಾರವನ್ನು ಕನಿಷ್ಠ ಮೂರು ಸಲ ತಿಂದ ಮರಿಯನ್ನೇ ತರುವುದು ಒಳ್ಳೆಯದು. ಹಾಗೆ ತಿಂದದ್ದು ನಿಮ್ಮಲ್ಲಿಗೆ ಬಂದು ನಿಲ್ಲಿಸಿದ್ದರೆ ತಪ್ಪು ಹಾವಿನದಲ್ಲ, ಹೊಸ ಮನೆಯದು. ಹಳೆಯ ಕ್ರಮವನ್ನೇ ಅಕ್ಷರಶಃ ಅನುಸರಿಸಿ.

ಮೊದಲು ಮನೆ, ಆಮೇಲೆ ಊಟ

5-6 ಲೀಟರಿನ ಪ್ಲಾಸ್ಟಿಕ್ ಡಬ್ಬಿ ಸಾಕು. ದೊಡ್ಡ ಗಾಜಿನ ಪೆಟ್ಟಿಗೆ ಬೇಡವೇ ಬೇಡ ಎಂದೇನಲ್ಲ, ಆದರೆ ಅದು ಖಾಲಿ ಬಯಲಿನಂತಿದ್ದರೆ ಮರಿ ಬೆದರುತ್ತದೆ, ಬೆದರಿದ ಹಾವು ತಿನ್ನುವುದಿಲ್ಲ. ಊಟ ಶುರುವಾಗುವವರೆಗೆ ನೆಲಕ್ಕೆ ಪೇಪರ್ ಟವೆಲ್ ಹಾಸಿ. ಮರದ ಸಿಪ್ಪೆ ಹಾಸಿದರೆ ಒದ್ದೆ ಇಲಿಮರಿಗೆ ಅಂಟಿಕೊಂಡು ಬಾಯಿಗೆ ಹೋಗುತ್ತದೆ. ಹಿಕ್ಕೆ ಬಿದ್ದದ್ದೂ ಕಾಣುವುದಿಲ್ಲ. ಬೆಚ್ಚಗಿನ ತುದಿಯಲ್ಲೊಂದು, ತಣ್ಣನೆಯ ತುದಿಯಲ್ಲೊಂದು ಅಡಗುವ ಗೂಡು ಇರಲಿ. ಮರಿ ಸುರುಳಿ ಸುತ್ತಿ ಕೂತರೆ ಮೈ ಎರಡೂ ಬದಿಗೆ ತಾಗುವಷ್ಟು ಇಕ್ಕಟ್ಟಾಗಿದ್ದರೆ ಸರಿ. ಮೊಟ್ಟೆಯ ಟ್ರೇ ಕತ್ತರಿಸಿದ ತುಂಡು, ಟಿಶ್ಯೂ ರೋಲಿನ ಕೊಳವೆ ಸಾಕಾಗುತ್ತದೆ. ಚಿಕ್ಕ ನೀರಿನ ಬಟ್ಟಲೊಂದಿರಲಿ. ಮುಚ್ಚಳ ಬಿಗಿಯಾಗಿರಲಿ, ಅರ್ಧ ಸೆಂಟಿಮೀಟರ್ ಸಂದಿಯಲ್ಲೂ ಮರಿ ನುಸುಳಬಲ್ಲದು.

ಶಾಖದ ವಿಷಯದಲ್ಲಿ ಅಂದಾಜು ನಡೆಯುವುದಿಲ್ಲ. ಬೆಚ್ಚಗಿನ ತುದಿಯ ನೆಲ 29-31 ಡಿಗ್ರಿ ಸೆಲ್ಸಿಯಸ್, ತಣ್ಣನೆಯ ತುದಿ 22-24. ಹೀಟ್ ಮ್ಯಾಟ್ (ವಿದ್ಯುತ್ತಿನಿಂದ ಬಿಸಿಯಾಗುವ ಹಾಳೆ) ಡಬ್ಬಿಯ ಅಡಿಯಲ್ಲಿ ಮೂರನೆಯ ಒಂದು ಭಾಗಕ್ಕೆ ಮಾತ್ರ ಬರಲಿ, ಶಾಖವನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ಹಚ್ಚಲೇಬೇಡಿ. ಅಳೆಯುವ ತಂತಿಯ ತುದಿ ಮರಿ ಮಲಗುವ ಜಾಗದಲ್ಲೇ, ನೆಲಕ್ಕೆ ತಾಗಿರಬೇಕು. ಗೋಡೆಗೆ ಅಂಟಿಸುವ ಗುಂಡನೆಯ ಥರ್ಮಾಮೀಟರ್ ಗಾಳಿಯನ್ನಷ್ಟೇ ಅಳೆಯುತ್ತದೆ, ಅದು 26 ತೋರಿಸುವಾಗ ಮ್ಯಾಟಿನ ಮೇಲೆ 40 ಇರಬಹುದು. ಶಾಖ ಕಡಿಮೆಯಾದರೆ ಹಸಿವು ಹುಟ್ಟುವುದಿಲ್ಲ, ತಿಂದರೂ ಅರಗದೆ ಹೊಟ್ಟೆಯಲ್ಲೇ ಕೊಳೆತು ಹೊರಬರುತ್ತದೆ. ತೇವಾಂಶ 40-60 ಶೇಕಡಾ ಸಾಕು.

ಇದೆಲ್ಲ ಆದಮೇಲೆ 5ರಿಂದ 7 ದಿನ ಮರಿಯನ್ನು ಮುಟ್ಟಬೇಡಿ. ನೀರು ಬದಲಿಸಲು ಮಾತ್ರ ಮುಚ್ಚಳ ತೆಗೆಯಿರಿ. ಆಮೇಲೆ 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಒಮ್ಮೆ ತೂಗಿ ಬರೆದಿಡಿ. ಚಿಕ್ಕ ಕಪ್ಪಿನಲ್ಲಿ ಮರಿಯನ್ನಿಟ್ಟು ಕಪ್ಪಿನ ತೂಕ ಕಳೆದರೆ ಆಯಿತು. ಮುಂದೆ ವಾರಕ್ಕೊಂದು ಸಲ ಸಾಕು.

ಏನು ಕೊಡಬೇಕು, ಹೇಗೆ ಕೊಡಬೇಕು

ಮೊದಲ ಊಟ ಪಿಂಕಿ. ಅಂದರೆ ಚಿಟ್ಟಿಲಿಯ ಒಂದೆರಡು ದಿನದ, ಕೂದಲು ಬಾರದ, ಕಣ್ಣು ತೆರೆಯದ ಮರಿ, ತೂಕ ಒಂದೂವರೆ ಗ್ರಾಂ ಆಸುಪಾಸು. ದೊಡ್ಡ ಇಲಿಯ ಮರಿಯೂ ಗುಲಾಬಿ ಬಣ್ಣದ್ದೇ, ಆದರೆ ಅದು ಇದಕ್ಕಿಂತ ಬಹಳ ದೊಡ್ಡದು, ಕೊಳ್ಳುವಾಗ ಗಮನಿಸಿ. ಹಾವಿನ ಮೈಯ ಅತಿ ದಪ್ಪ ಭಾಗದಷ್ಟು, ಹೆಚ್ಚೆಂದರೆ ಒಂದೂವರೆ ಪಟ್ಟು ದಪ್ಪವಿದ್ದರೆ ನುಂಗಬಲ್ಲದು. ಆದರೆ ಮೊದಲ ಸಲ ಚಿಕ್ಕದಾದಷ್ಟೂ ಒಳ್ಳೆಯದು.

ಫ್ರೀಜರಿನಿಂದ ತೆಗೆದ ಪಿಂಕಿಯನ್ನು ಜಿಪ್ ಚೀಲದಲ್ಲಿ ಹಾಕಿ ಫ್ರಿಜ್ಜಿನಲ್ಲಿ ಎರಡು-ಮೂರು ಗಂಟೆ ಇಡಿ. ಕೊಡುವ ಹೊತ್ತಿಗೆ ಚೀಲದ ಸಮೇತ 40 ಡಿಗ್ರಿಯ ಬಿಸಿನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿ. ಬೆರಳಿನಲ್ಲಿ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡಿ, ಒಳಗೆ ಗಟ್ಟಿ ಗಂಟು ಸಿಕ್ಕಿದರೆ ಇನ್ನೂ ಹೆಪ್ಪು ಬಿಟ್ಟಿಲ್ಲ. ಮಣಿಕಟ್ಟಿನ ಒಳಬದಿಗೆ ತಾಗಿಸಿದಾಗ ಬೆಚ್ಚಗೆನಿಸಬೇಕು. ಮೈಕ್ರೋವೇವ್, ಕುದಿನೀರು ಎರಡೂ ಬೇಡ: ಹೊರಗೆ ಬೆಂದು ಒಳಗೆ ಹಿಮವಾಗಿಯೇ ಉಳಿಯುತ್ತದೆ, ಚೀಲದಲ್ಲೇ ಹೊಟ್ಟೆ ಬಿರಿಯುವುದೂ ಉಂಟು. ಇದಕ್ಕೆಂದು ಬಳಸುವ ಪಾತ್ರೆ ಅಡುಗೆಮನೆಗೆ ವಾಪಸು ಹೋಗಬಾರದು. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಫ್ರೀಜರಿನಲ್ಲೂ ಸಾಯುವುದಿಲ್ಲ, ಹಾವಿನ ಮೈಮೇಲೂ ಇರಬಹುದು. ಕೈಯನ್ನು ಸೋಪು ಹಚ್ಚಿ ತೊಳೆಯಿರಿ.

ಸಂಜೆ, ದೀಪ ಆರಿಸಿದ ಮೇಲೆ, ಪಿಂಕಿಯನ್ನು ಬೆಚ್ಚಗಿನ ಗೂಡಿನ ಬಾಗಿಲಲ್ಲಿಟ್ಟು ಮುಚ್ಚಳ ಹಾಕಿ. ಬೆಳಗಾಗುವವರೆಗೆ ಇಣುಕಬೇಡಿ. ಬೆಳಿಗ್ಗೆ ಹಾಗೇ ಬಿದ್ದಿದ್ದರೆ ಎಸೆಯಿರಿ, ಮತ್ತೆ ಫ್ರೀಜರಿಗೆ ಹಾಕಬೇಡಿ.

ಚಿಮಟದಲ್ಲಿ ಕೊಡುವುದಾದರೆ ಪಿಂಕಿಯ ಸೊಂಟ ಹಿಡಿದು, ತಲೆ ಹಾವಿನ ಕಡೆಗಿರುವಂತೆ, ಮೂತಿಯಿಂದ ಎರಡು-ಮೂರು ಸೆಂಟಿಮೀಟರ್ ದೂರದಲ್ಲಿ ಹಿಡಿಯಿರಿ. ಬಹಳ ಜನ ಎಡವುವುದು ಇಲ್ಲೇ: ಪಿಂಕಿಯನ್ನು ಹಾವಿನ ಮುಖಕ್ಕೆ ಒತ್ತುತ್ತಾರೆ. ಬೇಟೆ ಎಂದೂ ಬೇಟೆಗಾರನ ಮೇಲೆ ನುಗ್ಗುವುದಿಲ್ಲ, ನುಗ್ಗಿದ್ದು ಹಾವಿನ ಲೆಕ್ಕದಲ್ಲಿ ಶತ್ರು. ಪಕ್ಕಕ್ಕೆ, ದೂರಕ್ಕೆ ಸರಿಯುವಂತೆ ಸಣ್ಣಗೆ ಅಲುಗಿಸಿ. ಆಸಕ್ತಿ ಹುಟ್ಟಿದರೆ ಕಾಣುತ್ತದೆ. ಚುರುಕಾಗಿ ಆಡುತ್ತಿದ್ದ ನಾಲಿಗೆ ನಿಧಾನವಾಗುತ್ತದೆ, ಉದ್ದಕ್ಕೆ ಹೊರಬಂದು ಒಂದು ಗಳಿಗೆ ಗಾಳಿಯಲ್ಲೇ ನಿಲ್ಲುತ್ತದೆ. ತಲೆ ಪಿಂಕಿಯ ಕಡೆಗೆ ನೆಟ್ಟು, ಕತ್ತು ಹಿಂದಕ್ಕೆ ಮಡಚಿಕೊಳ್ಳುತ್ತದೆ. ಆಗ ಕೈ ಅಲುಗಿಸುವುದನ್ನು ನಿಲ್ಲಿಸಿ. ಕಚ್ಚಿ ಸುರುಳಿ ಸುತ್ತಿದ ಕೂಡಲೇ ಚಿಮಟ ಬಿಟ್ಟು ಕಲ್ಲಿನಂತೆ ನಿಂತುಬಿಡಿ. ಈ ಹೊತ್ತಿನಲ್ಲಿ ಮುಚ್ಚಳ ಹಾಕಲು ಹೋದರೂ ಸಾಕು, ಬಾಯಲ್ಲಿದ್ದದ್ದನ್ನು ಬಿಟ್ಟು ಓಡುತ್ತದೆ. ತಲೆಯ ತುದಿ ಹುಡುಕಿ ನುಂಗಲು ಹತ್ತಿಪ್ಪತ್ತು ನಿಮಿಷ ಬೇಕಾಗಬಹುದು.

ಮುಟ್ಟದಿದ್ದರೆ

ಐದು ದಿನ ಬಿಟ್ಟು ಮತ್ತೆ ಪ್ರಯತ್ನಿಸಿ. ದಿನವೂ ಬೇಡ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ದಿನಾಂಕ, ವಿಧಾನ, ಫಲ ಬರೆದಿಡಿ. ನಾಲ್ಕು ಉಪಾಯ ಒಟ್ಟಿಗೆ ಮಾಡಿ ತಿಂದರೆ ಯಾವುದಕ್ಕೆ ತಿಂದಿತೆಂದು ತಿಳಿಯುವುದೇ ಇಲ್ಲ. ಸುಲಭದಿಂದ ಕಷ್ಟಕ್ಕೆ ಹೋಗುವ ಕ್ರಮ ಹೀಗೆ.

ಮೊದಲನೆಯದು ಇಕ್ಕಟ್ಟು. 250-500 ಮಿಲಿಲೀಟರಿನ, ಗಾಳಿಗೆ ತೂತು ಮಾಡಿದ ಮುಚ್ಚಳದ ಕಪ್ಪಿನಲ್ಲಿ ಮುದುಡಿದ ಪೇಪರ್ ಟವೆಲ್ ಹಾಕಿ, ಮರಿಯನ್ನೂ ಬೆಚ್ಚಗಿನ ಪಿಂಕಿಯನ್ನೂ ಬಿಟ್ಟು, 26-28 ಡಿಗ್ರಿ ಇರುವ ಕತ್ತಲೆ ಜಾಗದಲ್ಲಿ ರಾತ್ರಿಯಿಡೀ ಇಡಿ. ಹೀಟ್ ಮ್ಯಾಟಿನ ಮೇಲೆ ಮಾತ್ರ ಇಡಬೇಡಿ. ಕಪ್ಪಿನಲ್ಲಿ ತಣ್ಣನೆಯ ತುದಿಯಿಲ್ಲ, ಮರಿ ಬೆಂದುಹೋಗುತ್ತದೆ.

ಎರಡನೆಯದು ತೊಳೆಯುವುದು. ಈ ಹಾವಿನ ತವರು ಅಮೆರಿಕದ ಆಗ್ನೇಯ ಭಾಗ. ಅಲ್ಲಿ ಕಾಡಿನ ಮರಿಗಳು ಹೆಚ್ಚಾಗಿ ಚಿಕ್ಕ ಹಲ್ಲಿಗಳನ್ನು, ಮರಗಪ್ಪೆಗಳನ್ನು ಹಿಡಿಯುತ್ತವೆ, ಇಲಿಯ ಕಡೆಗೆ ತಿರುಗುವುದು ಬೆಳೆದ ಮೇಲೆ. ಇಲಿಯ ವಾಸನೆ ಊಟದ ವಾಸನೆಯೆಂದು ಕೆಲವು ಮರಿಗಳಿಗೆ ಇನ್ನೂ ಗೊತ್ತೇ ಇರುವುದಿಲ್ಲ. ಸುವಾಸನೆಯಿಲ್ಲದ ಸೋಪಿನ ಒಂದು ಹನಿ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ಪಿಂಕಿಯನ್ನು ಬೆರಳಿನಿಂದ ಉಜ್ಜಿ, ಮೂರು ಸಲ ಬರೀ ನೀರಿನಲ್ಲಿ ಜಾಲಿಸಿ, ಒದ್ದೆಯಾಗಿದ್ದಾಗಲೇ ಕೊಡಿ.

ಮೂರನೆಯದು ನೋಡಲು ಚೆನ್ನಾಗಿಲ್ಲ, ಕೆಲಸ ಮಾಡುತ್ತದೆ. ಹೆಪ್ಪು ಬಿಟ್ಟ ಪಿಂಕಿಯ ನೆತ್ತಿಗೆ ಸೂಜಿಯಿಂದ ಚುಚ್ಚಿ, ಮಿದುಳಿನ ಒಂದು ಹನಿ ಹೊರಬರುವಂತೆ ಒತ್ತಿ ಮೂತಿಗೆ ಸವರಿ. ಆ ವಾಸನೆಗೆ ಸೋಲದ ಮರಿಗಳು ಕಡಿಮೆ. ಇಕ್ಕಟ್ಟಿನ ಕಪ್ಪು ಮತ್ತು ಚುಚ್ಚಿದ ಪಿಂಕಿ, ಇವೆರಡನ್ನು ಬೇರೆ ಬೇರೆಯಾಗಿ ನೋಡಿಯಾದ ಮೇಲೆ ಜೊತೆಗೂಡಿಸಿ ಎರಡು ಸಲ ಪ್ರಯತ್ನಿಸದೆ ಮುಂದಿನ ಮೆಟ್ಟಿಲು ಹತ್ತಬಾರದು.

ನಾಲ್ಕನೆಯದು ಬೇರೆ ವಾಸನೆ ಹಚ್ಚುವುದು. ಅನೋಲ್ ಎಂಬ ಹಸಿರು ಹಲ್ಲಿ ಇದಕ್ಕೆ ಹೆಸರುವಾಸಿ. ಸತ್ತು ಫ್ರೀಜರಿನಲ್ಲಿ ಕನಿಷ್ಠ 30 ದಿನ ಇದ್ದ ಹಲ್ಲಿಯ ಮೈಗೆ ತೊಳೆದ ಪಿಂಕಿಯನ್ನು ಉಜ್ಜಿ ಕೊಡಿ, ಅಥವಾ ಹಲ್ಲಿ ಬಿಟ್ಟ ಪೊರೆಯ ಚೂರನ್ನು ಪಿಂಕಿಯ ಮೂತಿಗೆ ಅಂಟಿಸಿ. ಗೋಡೆಯ ಮೇಲಿನ ಹಲ್ಲಿಯನ್ನು ಹಿಡಿದು ತರುವ ಯೋಚನೆ ಬೇಡ: ಹುಳುವೋ ಕೀಟನಾಶಕವೋ ಅದರ ಜೊತೆಗೇ ಬರುತ್ತದೆ. ಹಲ್ಲಿ ಸಿಗದಿದ್ದರೆ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಹಾಕದೆ ಬರೀ ಕೋಳಿಮಾಂಸ ಬೇಯಿಸಿದ ನೀರಿನಲ್ಲಿ ಅದ್ದಿ ನೋಡಿ.

ಕಡ್ಡಿಯಿಂದ ಮುಟ್ಟಿದಂತೆ ಕೆಣಕುವ ವಿಧಾನವೂ ಒಂದಿದೆ. ಬಾಲ ನಡುಗಿಸಿ ಕಚ್ಚಲು ಬರುವ ಸಿಡುಕಿನ ಮರಿಗೆ ಮಾತ್ರ ಅದು ಹೊಂದುತ್ತದೆ: ಪಿಂಕಿಯಿಂದಲೇ ಬಾಲದ ಬಳಿ ಮೆಲ್ಲಗೆ ತಟ್ಟಿದರೆ ಕೋಪಕ್ಕೆ ಕಚ್ಚುತ್ತದೆ, ಕಚ್ಚಿದ್ದು ಬಾಯಲ್ಲಿದೆಯೆಂದು ಗೊತ್ತಾದಾಗ ಕೆಲವು ನುಂಗಿಬಿಡುತ್ತವೆ. ತಲೆಯನ್ನು ಸುರುಳಿಯೊಳಗೆ ಬಚ್ಚಿಡುವ ಅಂಜುಬುರುಕ ಮರಿಗೆ ಇದನ್ನು ಮಾಡಿದರೆ ನಷ್ಟವೇ ಹೆಚ್ಚು.

ಜೀವಂತ ಪಿಂಕಿ ಕೊನೆಗೆ. ಕೆಲವು ಕಡೆ ಕಾನೂನು ಒಪ್ಪುವುದಿಲ್ಲ, ತಿಳಿದುಕೊಳ್ಳಿ. ಕಣ್ಣು ತೆರೆಯದ, ಹಲ್ಲು ಬಾರದ ಮರಿ ಹಾವಿಗೆ ಏನೂ ಮಾಡಲಾರದು. ಕೂದಲು ಬಂದು ಹಲ್ಲು ಮೂಡಿದ ಇಲಿಯನ್ನು ಮಾತ್ರ ಹಾವಿನ ಜೊತೆ ಬಿಡಬೇಡಿ. ಒಂದೆರಡು ಸಲ ಹೀಗೆ ತಿಂದರೆ ಮತ್ತೆ ಫ್ರೀಜರಿನದಕ್ಕೆ ತಿರುಗಿಸಿ.

ಕೈ ಹಾಕುವ ಹಂತ

ಎಷ್ಟು ದಿನ ಕಾಯಬಹುದು ಎಂಬುದಕ್ಕೆ ಕ್ಯಾಲೆಂಡರಿಗಿಂತ ತಕ್ಕಡಿಯೇ ಒಳ್ಳೆಯ ಉತ್ತರ. ಮೊದಲ ಪೊರೆಯ ನಂತರ ನಾಲ್ಕಾರು ವಾರ ತಿನ್ನದೆಯೂ ಮರಿ ಚುರುಕಾಗಿದ್ದು, ತೂಕ ಹೆಚ್ಚು ಇಳಿಯದಿದ್ದರೆ ಕಾಯಿರಿ. ಮೊದಲು ಬರೆದಿಟ್ಟ ತೂಕದಲ್ಲಿ ಹತ್ತನೇ ಒಂದು ಭಾಗ ಕರಗಿದ್ದರೆ, ಬೆನ್ನೆಲುಬು ಏಣಿನಂತೆ ಎದ್ದು ಕಂಡರೆ, ಪಕ್ಕೆಯ ಚರ್ಮ ಸುಕ್ಕಾಗಿದ್ದರೆ ಇನ್ನು ಕಾಯುವ ಹಾಗಿಲ್ಲ.

ಆಗ ತುತ್ತು ಬಾಯಿಗಿಡಬೇಕು. ಪಿಂಕಿಯ ತಲೆಯ ಭಾಗವನ್ನಷ್ಟೇ ಕತ್ತರಿಸಿ ನೀರಿನಲ್ಲಿ ಒದ್ದೆ ಮಾಡಿ. ಮರಿಯ ಮೈಯನ್ನು ಅಂಗೈಯಲ್ಲಿ ಆಧರಿಸಿ, ತಲೆಯ ಹಿಂದೆ ಎರಡು ಬೆರಳಲ್ಲಿ ಹಗುರವಾಗಿ ಹಿಡಿಯಿರಿ. ಪಿಂಕಿಯ ಮೂತಿಯನ್ನು ತುಟಿಯ ಮುಂಭಾಗಕ್ಕೆ ಮೆಲ್ಲಗೆ ಒತ್ತಿದರೆ ಬಾಯಿ ತೆರೆಯುತ್ತದೆ. ಹಲ್ಲಿಗೆ ಸಿಕ್ಕುವಷ್ಟೇ ಒಳಗಿಟ್ಟು, ಮರಿಯನ್ನು ಕೆಳಗೆ ಬಿಟ್ಟು ಉಸಿರು ಬಿಗಿಹಿಡಿದು ನಿಲ್ಲಿ. ಉಗುಳಿದರೆ ಇನ್ನೆರಡು ಸಲ, ಅಲ್ಲಿಗೆ ಅವತ್ತಿನ ಕೆಲಸ ಮುಗಿಯಿತು. ಗಂಟಲಿಗೆ ತಳ್ಳಬೇಡಿ. ಅನ್ನನಾಳ ಕಾಗದದಷ್ಟು ತೆಳು, ಹರಿದರೆ ಮರಿ ಉಳಿಯುವುದಿಲ್ಲ. ತಳ್ಳಲೇಬೇಕಾದ ಸ್ಥಿತಿ ಬಂದರೆ ಸರೀಸೃಪ ಬಲ್ಲ ಪಶುವೈದ್ಯರು ನಳಿಕೆಯಲ್ಲಿ ದ್ರವ ಆಹಾರ ಹಾಕುತ್ತಾರೆ. ಬಾಯಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಟ, ನೀರಿನ ಬಟ್ಟಲಲ್ಲಿ ಕಪ್ಪು ಚುಕ್ಕೆಗಳಂಥ ನುಸಿ ಕಂಡರೆ ಈ ಯಾವ ಉಪಾಯಕ್ಕೂ ಕಾಯದೆ ಅವರಲ್ಲಿಗೇ ಹೋಗಿ.

ತಿಂದ ಮೇಲೆ

48 ಗಂಟೆ ಮುಟ್ಟಬೇಡಿ. ತಿಂದದ್ದನ್ನು ಕಕ್ಕುವುದಕ್ಕೆ ಕಾರಣ ಹೆಚ್ಚಾಗಿ ಮೂರರಲ್ಲೊಂದು: ತುತ್ತು ದೊಡ್ಡದಾಯಿತು, ಶಾಖ ಸಾಲಲಿಲ್ಲ, ಕೈಗೆತ್ತಿಕೊಂಡರು. ಕಕ್ಕಿದರೆ ಮರುದಿನವೇ ಮತ್ತೆ ಕೊಡುವ ಆಸೆ ಬೇಡ. ಗಂಟಲು, ಹೊಟ್ಟೆಯ ಒಳಪದರ ಆಮ್ಲಕ್ಕೆ ಸುಟ್ಟಿರುತ್ತದೆ. 10ರಿಂದ 14 ದಿನ ಬರೀ ನೀರು, ಆಮೇಲೆ ಅರ್ಧ ಪಿಂಕಿ. ಮತ್ತೆ ಮತ್ತೆ ಕಕ್ಕಿದರೆ, ಅದರಲ್ಲೂ ಮೈಯ ನಡುಭಾಗ ಊದಿದಂತಿದ್ದರೆ, ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿ ಜೀವಿಯ ಸೋಂಕಿದೆಯೇ ಎಂದು ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಬೇರೆ ಹಾವುಗಳಿಂದ ದೂರವಿಡಿ.

ಎಲ್ಲ ಸರಿಹೋದರೆ ಮುಂದಿನ ಊಟ 5ರಿಂದ 7 ದಿನಕ್ಕೆ. ಮೂರು ಊಟದವರೆಗೆ ಅದೇ ಗಾತ್ರ, ಅದೇ ಕಪ್ಪು, ಅದೇ ಗಳಿಗೆ. ಒಂದು ಸಲ ತಿಂದಿತೆಂದು ದೊಡ್ಡ ಪಿಂಕಿಗೋ ಹೊಸ ಪೆಟ್ಟಿಗೆಗೋ ಹಾರಬೇಡಿ. ಹಲ್ಲಿಯ ವಾಸನೆಗೆ ತಿಂದ ಮರಿಯಾದರೆ ನಾಲ್ಕನೆಯ ಊಟಕ್ಕೆ ಪಿಂಕಿಯ ತಲೆಗೆ ಮಾತ್ರ ಹಚ್ಚಿ, ಐದನೆಯದಕ್ಕೆ ಮೂತಿಗೆ ಒಂದು ಸವರು, ಆರನೆಯದಕ್ಕೆ ಏನೂ ಬೇಡ. ಮಧ್ಯೆ ಎಲ್ಲಾದರೂ ನಿಲ್ಲಿಸಿದರೆ ಒಂದು ಮೆಟ್ಟಿಲು ಹಿಂದಕ್ಕೆ ಬನ್ನಿ. ತೂಗುವುದು ಯಾವಾಗಲೂ ಊಟಕ್ಕೆ ಮುಂಚೆ, ಪೇಪರ್ ಟವೆಲಿನ ಮೇಲೆ ಹಿಕ್ಕೆ ಮತ್ತು ಬಿಳಿ ಸುಣ್ಣದಂಥ ಗಂಟು ಬಿದ್ದ ನಂತರ. ಹೊಟ್ಟೆಯಲ್ಲಿ ಪಿಂಕಿ ಇರುವಾಗ ತೂಗಿದರೆ ಆ ಒಂದೂವರೆ ಗ್ರಾಂ ಹಾವಿನದಲ್ಲ, ಇಲಿಯದು.